ಲಾಡಿಯ ಗುರುತು ಅಂದುಕೊಂಡ ಕಲೆ: ಆರಂಭದ ಚರ್ಮ ಲಿಂಫೋಮಾದ ಒಂದು ಪ್ರಕರಣ

ರೋಗಿಗೆ 46 ವರ್ಷ. ಊರು ಬ್ರಹ್ಮಾವರದ ಆಚೆ ಒಂದು ಹಳ್ಳಿ. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಒಡೆಯುವ ಕೆಲಸ. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.) ಸೊಂಟದ ಎಡಗಡೆ, ಲಂಗದ ಲಾಡಿ ಬಿಗಿಯುವ ಜಾಗದಲ್ಲಿ, ಆರು ವರ್ಷದಿಂದ ಒಂದು ಕಲೆ. ಸ್ವಲ್ಪ ಕೆಂಪು, ಸ್ವಲ್ಪ ಕಂದು, ಮೇಲೆ ತೆಳುವಾದ ಹೊಟ್ಟು. ತುರಿಕೆ ಇದ್ದೂ ಇಲ್ಲದ ಹಾಗೆ.

ಇಂಥ ಕಲೆಗೆ ಕಾರಣ ಹುಡುಕುವುದು ಕರಾವಳಿಯಲ್ಲಿ ಕಷ್ಟವೇನಲ್ಲ. ಸೆಕೆ, ಬೆವರು, ಮಳೆಗಾಲದಲ್ಲಿ ಸರಿಯಾಗಿ ಒಣಗದ ಬಟ್ಟೆ. ಮೊದಲು ಅದನ್ನು ಹುಳಕಡ್ಡಿ ಅಂದರು. ಆಮೇಲೆ ಇಸಬು ಅಂದರು. ಲಾಡಿ ಉಜ್ಜಿ ಹೀಗಾಗಿದೆ ಅಂದವರೂ ಇದ್ದರು. ಅದೇನೂ ತಲೆಬುಡ ಇಲ್ಲದ ಮಾತಲ್ಲ. ಬಿಗಿಯಾಗಿ ಲಾಡಿ ಕಟ್ಟುವ ಹೆಂಗಸರಲ್ಲಿ ಸೊಂಟದ ಚರ್ಮ ಕಪ್ಪಾಗಿ ದಪ್ಪಗಾಗುವುದನ್ನು ಇಲ್ಲಿ ದಿನಾ ನೋಡುತ್ತೇವೆ. ಜೊತೆಗೆ ಅವರ ಕೆಲಸ ಬೇರೆ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ, ಅಲರ್ಜಿಯನ್ನೂ ಮಾಡುತ್ತದೆ. ಹಾಗಾಗಿ ‘ಕಾರ್ಖಾನೆಯ ಅಲರ್ಜಿ’ ಅನ್ನುವ ಉತ್ತರ ಎಲ್ಲರ ಬಾಯಲ್ಲೂ ರೆಡಿ ಇತ್ತು.

ಮನೆಯವರು ನಾಗದೋಷ ಇರಬಹುದು ಅಂತ ಕುಕ್ಕೆಗೆ ಹೋಗಿ ಆಶ್ಲೇಷ ಬಲಿ ಮಾಡಿಸಿಕೊಂಡು ಬಂದಿದ್ದರು. ಚರ್ಮದ ಕಾಯಿಲೆ ಅಂದರೆ ನಮ್ಮ ಕಡೆ ನಾಗನ ನೆನಪು ಬಾರದೆ ಇರುತ್ತದೆಯೇ? ಪತ್ತೆ ತಡವಾದದ್ದು ಅದರಿಂದ ಅಂತ ನಾನು ಹೇಳುವುದಿಲ್ಲ. ತಡ ಮಾಡಿಸಿದ್ದು ಒಂದು ಟ್ಯೂಬು.

ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಮೂರು ಮದ್ದು ಬೆರೆಸಿದ ಕ್ರೀಮು ಅದು. ಕ್ಲೊಬೆಟಸಾಲ್ ಅನ್ನುವ ಜೋರಿನ ಸ್ಟೀರಾಯ್ಡ್, ಒಂದು ಫಂಗಸ್ ಮದ್ದು, ಒಂದು ಆ್ಯಂಟಿಬಯಾಟಿಕ್. ಹಚ್ಚಿದರೆ ವಾರದಲ್ಲಿ ಕಲೆ ಮಸುಕಾಗುತ್ತದೆ. ಬಿಟ್ಟರೆ ತಿಂಗಳಲ್ಲಿ ಅದೇ ಜಾಗಕ್ಕೆ ವಾಪಸ್. ಕಡಿಮೆ ಆಗುತ್ತದಲ್ಲಾ ಅಂತ ರೋಗಿಗೂ ಸಮಾಧಾನ, ಕೊಟ್ಟವರಿಗೂ ಸಮಾಧಾನ.

ಮೊದಲ ಬಯಾಪ್ಸಿ

ಎರಡು ವರ್ಷದ ಹಿಂದೆ ಬೇರೊಂದು ಕಡೆ ಒಂದು ಬಯಾಪ್ಸಿ ಆಗಿತ್ತು. ವರದಿ: ದೀರ್ಘಕಾಲದ ಎಕ್ಸಿಮಾ ಮಾದರಿಯ ಉರಿಯೂತ. ನಾನು ಪೆಥಾಲಜಿಸ್ಟ್, ತೆಗೆದ ತುಂಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ವರದಿ ಕೊಡುವವನು. ಆ ಸ್ಲೈಡನ್ನೂ ಬ್ಲಾಕನ್ನೂ (ಮೇಣದಲ್ಲಿ ಕೂರಿಸಿದ ಚರ್ಮದ ತುಂಡು) ಆಮೇಲೆ ತರಿಸಿ ನೋಡಿದೆ. ಆ ಸ್ಲೈಡಿಗೆ ನಾನಾದರೂ ಅದೇ ವರದಿ ಕೊಡುತ್ತಿದ್ದೆ. ಚರ್ಮದ ಮೇಲ್ಪದರ ದಪ್ಪಗಾಗಿದೆ, ಕೋಶಗಳ ನಡುವೆ ನೀರು ತುಂಬಿದೆ, ಕೆಳಗೆ ಬಿಳಿ ರಕ್ತಕಣಗಳ ಒಂದು ಜಾತಿಯಾದ, ಬೆರಳೆಣಿಕೆಯ ಲಿಂಫೋಸೈಟ್‌ಗಳು. ಕ್ರೀಮು ಹಚ್ಚುತ್ತಿದ್ದಾಗಲೇ, ಲಾಡಿ ಉಜ್ಜುವ ಜಾಗದಿಂದಲೇ ತೆಗೆದ ತುಂಡು. ಸ್ಟೀರಾಯ್ಡ್ ಲಿಂಫೋಸೈಟ್‌ಗಳನ್ನು ಓಡಿಸಿಬಿಟ್ಟಿತ್ತು. ಉಜ್ಜಿದ ಗಾಯ ಉಳಿದದ್ದನ್ನು ಮುಚ್ಚಿತ್ತು.

ಸ್ಲೈಡಿನ ಜೊತೆ ಬಂದಿದ್ದ ಬಯಾಪ್ಸಿ ಚೀಟಿ ನೋಡಿ ಮಾತ್ರ ಬೇಜಾರಾಯಿತು. ವಯಸ್ಸು, ಲಿಂಗ, ‘ಸೊಂಟ’, ‘ಎಕ್ಸಿಮಾ?’. ಇಷ್ಟೇ. ಎಷ್ಟು ವರ್ಷದಿಂದ, ಬೇರೆ ಎಲ್ಲೆಲ್ಲಿ ಕಲೆ, ಏನು ಹಚ್ಚುತ್ತಿದ್ದಾರೆ, ಯಾವುದೂ ಇಲ್ಲ. ಇದು ಆ ಒಂದು ಕಡೆಯ ಕಥೆ ಮಾತ್ರ ಅಲ್ಲ. ದಿನಕ್ಕೆ ರಾಶಿ ಬಯಾಪ್ಸಿ ಬರುವ ಯಾವ ಲ್ಯಾಬಿನಲ್ಲೂ ಚೀಟಿಗಳ ಪಾಡು ಇದೇ.

ಪರದೆಯ ಹಿಂದೆ ಕಂಡದ್ದು

ರೋಗಿ ಕೊನೆಗೆ ಉಡುಪಿಯ ಒಬ್ಬ ಚರ್ಮವೈದ್ಯೆಯ ಹತ್ತಿರ ಬಂದರು. ಆಕೆ ಮಾಡಿದ್ದು ಸರಳ ಕೆಲಸ. ಪರದೆ ಎಳೆದು, ನರ್ಸನ್ನು ಪಕ್ಕ ನಿಲ್ಲಿಸಿಕೊಂಡು, ಪೂರ್ತಿ ಮೈ ನೋಡಿದರು. ಆರು ವರ್ಷದಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಸೊಂಟದ ಕಲೆ ತೋರಿಸಲು ಸೆರಗು ಸರಿಸಿದರೆ ಸಾಕು. ಉಳಿದದ್ದನ್ನು ತೋರಿಸಲು ನಾಚಿಕೆ, ಕೇಳಲು ಡಾಕ್ಟರಿಗೂ ಸಂಕೋಚ.

ಎರಡೂ ಪೃಷ್ಠದ ಮೇಲೆ ಅಂಗೈ ಅಗಲದ ಕಲೆಗಳಿದ್ದವು. ತೊಡೆಯ ಹೊರಬದಿಯಲ್ಲಿ ಉದ್ದಕ್ಕೆ ಎಳೆದಂಥ ಕಲೆಗಳು. ಎಡ ಸ್ತನದ ಕೆಳಗೊಂದು. ಒಳತೊಡೆಯಲ್ಲಿ ಮಾಸಲು ಬಿಳುಪಿನ ಎರಡು ಸಣ್ಣ ಕಲೆ. ಒಂದರ ಆಕಾರ ಇನ್ನೊಂದಕ್ಕಿಲ್ಲ, ಅಳತೆಯೂ ಬೇರೆ. ಎಲ್ಲ ಬಿಸಿಲು ಬೀಳದ ಜಾಗದಲ್ಲಿ. ಅಂಗೈ, ಬೆರಳು, ಮುಂಗೈ ಮಾತ್ರ ಚೊಕ್ಕ.

ಗೇರೆಣ್ಣೆಯ ಅಲರ್ಜಿ ಆದರೆ ಮೊದಲು ಕೈ ಹಿಡಿಯಬೇಕು, ಅಲ್ವಾ? ಕೈಯಲ್ಲಿ ಏನೂ ಇಲ್ಲದೆ ಪೃಷ್ಠದಲ್ಲಿ ಇದೆ ಅಂದರೆ ಕಾರ್ಖಾನೆಯ ಕಥೆ ನಿಲ್ಲುವುದಿಲ್ಲ. ಲಾಡಿಯ ಕಥೆಯೂ ಅಷ್ಟೇ. ಲಾಡಿ ಸ್ತನದ ಕೆಳಗೆ ಉಜ್ಜುವುದಿಲ್ಲ.

ಬಿಳಿ ಕಲೆ ಕಂಡಾಗ ನಮ್ಮಲ್ಲಿ ಕುಷ್ಠದ ಯೋಚನೆ ಬರಲೇಬೇಕು. ವೈದ್ಯೆ ಹತ್ತಿ ಸವರಿ ಸ್ಪರ್ಶ ನೋಡಿದರು, ನರ ಮುಟ್ಟಿ ನೋಡಿದರು. ಎರಡೂ ಸರಿ ಇದ್ದವು. ಚಿಬ್ಬು, ತೊನ್ನು ಎರಡಕ್ಕೂ ಹೋಲುತ್ತಿರಲಿಲ್ಲ. ಬಿ.ಪಿ. ಮಾತ್ರೆಯ ಬಗ್ಗೆಯೂ ವಿಚಾರಿಸಿದರು. ಕೆಲವು ಬಿ.ಪಿ. ಮಾತ್ರೆ, ಅಪಸ್ಮಾರದ ಮಾತ್ರೆಗಳು ಲಿಂಫೋಮಾದಂತೆಯೇ (ಲಿಂಫೋಸೈಟ್‌ಗಳ ಕ್ಯಾನ್ಸರ್) ಕಾಣುವ ಚರ್ಮದ ಅಲರ್ಜಿ ತರುತ್ತವೆ. ಇವರು ಮಾತ್ರೆ ಶುರು ಮಾಡಿದ್ದು ಎರಡು ವರ್ಷದಿಂದ, ಕಲೆ ಇರುವುದು ಆರು ವರ್ಷದಿಂದ. ಹಾಗಾಗಿ ಅದೂ ಹೋಯಿತು.

ಆಗ ಅವರು ನನಗೆ ಫೋನ್ ಮಾಡಿದರು. “ಸರ್, ಒಂದು ಎಂಎಫ್ ಡೌಟ್ ಉಂಟು. ಎಲ್ಲಿಂದ ತೆಗೆಯಲಿ?” ತೆಗೆದ ಮೇಲೆ ಫೋನ್ ಮಾಡುವವರು ಜಾಸ್ತಿ. ತೆಗೆಯುವ ಮೊದಲು ಕೇಳುವವರು ಅಪರೂಪ.

ಎಂಎಫ್ ಅಂದರೆ ಮೈಕೋಸಿಸ್ ಫಂಗಾಯ್ಡಿಸ್. ಫ್ರಾನ್ಸಿನ ವೈದ್ಯ ಅಲಿಬರ್ 1806ರಲ್ಲಿ ಮೊದಲು ವಿವರಿಸಿದ ರೋಗ. ಇದು ಟಿ ಲಿಂಫೋಸೈಟ್‌ಗಳ ಕ್ಯಾನ್ಸರ್, ಫಂಗಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಚರ್ಮದಲ್ಲೇ ಹುಟ್ಟುವ ಲಿಂಫೋಮಾಗಳಲ್ಲಿ ಹೆಚ್ಚುಕಡಿಮೆ ಅರ್ಧ ಇದೇ. ಅಲಿಬರ್ ನೋಡಿದ್ದು ಅಣಬೆಯಂಥ ಗಡ್ಡೆಗಳನ್ನು. ನಮ್ಮ ಕೈಗೆ ಬರುವ ಆರಂಭದ ರೂಪದಲ್ಲಿ ಗಡ್ಡೆ ಎಲ್ಲಿಂದ ಬರಬೇಕು? ಕಲೆ ಅಷ್ಟೇ. ಕಲೆ ಶುರುವಾದ ಮೇಲೆ ಹೆಸರು ಸಿಗಲು ವರ್ಷಗಟ್ಟಲೆ ಹಿಡಿಯುವುದು ಎಲ್ಲ ದೇಶದಲ್ಲೂ ಮಾಮೂಲು.

ನಾನು ಕೇಳಿಕೊಂಡದ್ದು ಇಷ್ಟು. ಕ್ರೀಮು ಪೂರ್ತಿ ನಿಲ್ಲಿಸಿ ಮೂರು–ನಾಲ್ಕು ವಾರ ಕಾಯಿರಿ. ಸೊಂಟ ಬೇಡ. ಎರಡು ಬೇರೆ ಜಾಗದಿಂದ, ತುರಿಸಿ ಗಾಯವಾಗದ ಕಲೆಯಿಂದ, ಆರು ಮಿಲಿಮೀಟರಿನ ಪಂಚ್‌ನಲ್ಲಿ (ಚರ್ಮ ಕೊರೆದು ತೆಗೆಯುವ ಉಪಕರಣ) ತೆಗೆಯಿರಿ. ಎರಡನ್ನೂ ಬೇರೆ ಬೇರೆ ಬಾಟಲಿಗೆ ಹಾಕಿ. ಫೋಟೊ ಕಳಿಸಿ. ಮದ್ದಿಲ್ಲದೆ ಒಂದು ತಿಂಗಳು ಅಂದರೆ ರೋಗಿಗೆ ಕಷ್ಟವೇ. ಕಲೆ ಕೆರಳಿತು, ತುರಿಕೆ ಜಾಸ್ತಿಯಾಯಿತು, ಮಧ್ಯೆ ಒಮ್ಮೆ ಅವರು ವೈದ್ಯೆಯ ಹತ್ತಿರ ಜಗಳಕ್ಕೇ ಬಂದಿದ್ದರಂತೆ. ವ್ಯಾಸಲಿನ್ ಹಚ್ಚಿಸಿ, ತುರಿಕೆಗೆ ಮಾತ್ರೆ ಕೊಟ್ಟು ದಾಟಿಸಿದರು.

ಈ ಸಲದ ಚೀಟಿ ಹೀಗಿತ್ತು: ‘ಆರು ವರ್ಷದಿಂದ ಬಂದು ಹೋಗುವ, ನಿಧಾನ ಹೆಚ್ಚುತ್ತಿರುವ ಕಲೆಗಳು. ಪೃಷ್ಠ, ತೊಡೆ, ಸ್ತನ, ಸೊಂಟ. ಅಳತೆ, ಆಕಾರ ಬೇರೆ ಬೇರೆ. ಸ್ಪರ್ಶ ಇದೆ. ಕ್ಲೊಬೆಟಸಾಲ್ ನಿಲ್ಲಿಸಿ ನಾಲ್ಕು ವಾರ. ಹಿಂದಿನ ಬಯಾಪ್ಸಿ ಒಂದು, ಎಕ್ಸಿಮಾ ಎಂದು ವರದಿ. ಎ ಬಾಟಲಿ: ಬಲ ಪೃಷ್ಠ. ಬಿ ಬಾಟಲಿ: ಎಡ ತೊಡೆ.’ ಬರೆಯಲು ಎರಡು ನಿಮಿಷ ಬೇಕು. ಪತ್ತೆಯ ಅರ್ಧ ದಾರಿ ಅಲ್ಲೇ ಮುಗಿದಿತ್ತು.

ಸ್ಲೈಡು

ನಾಲ್ಕರ ಲೆನ್ಸಿನಲ್ಲಿ ಎ ನೋಡಿದರೆ ಗಾಬರಿ ಹುಟ್ಟಿಸುವಂಥದ್ದೇನೂ ಇಲ್ಲ. ಮೇಲ್ಪದರದ ಕೆಳಗೆ ಲಿಂಫೋಸೈಟ್‌ಗಳ ತೆಳುವಾದ ಪಟ್ಟಿ. ಬೆಳಗ್ಗಿನ ಟ್ರೇಯಲ್ಲಿ ಇಪ್ಪತ್ತು ಸ್ಲೈಡಿನ ನಡುವೆ ಇದೂ ಒಂದಾಗಿ ಬಂದರೆ ‘ಉರಿಯೂತ’ ಅಂತ ಬರೆದು ಮುಂದೆ ಹೋಗುವ ಹಾಗೆಯೇ ಇದೆ.

ನಲವತ್ತರ ಲೆನ್ಸಿಗೆ ಹೋದಾಗ ಚಿತ್ರ ಬೇರೆ. ಎಪಿಡರ್ಮಿಸ್‌ನ, ಅಂದರೆ ಚರ್ಮದ ಮೇಲ್ಪದರದ, ತಳದ ಸಾಲಿನಲ್ಲಿ ಲಿಂಫೋಸೈಟ್‌ಗಳು ಒಂದರ ಪಕ್ಕ ಒಂದು, ದಾರದಲ್ಲಿ ಪೋಣಿಸಿದ ಹಾಗೆ ಕೂತಿವೆ. ಪ್ರತಿಯೊಂದರ ಸುತ್ತ ಬಿಳಿ ಬಳೆ. ಆ ಬಳೆ ಫಾರ್ಮಲಿನ್‌ನಲ್ಲಿ ಕೋಶ ಕುಗ್ಗಿದ್ದರಿಂದ ಬಿಟ್ಟುಕೊಂಡ ಜಾಗ. ಅದು ಎಲ್ಲ ರೋಗದಲ್ಲೂ ಅಷ್ಟಿಷ್ಟು ಇರುತ್ತದೆ. ಇಷ್ಟು ಸಾಲಾಗಿ, ಇಷ್ಟೊಂದು ಸಂಖ್ಯೆಯಲ್ಲಿ ಇದ್ದರೆ ಅನುಮಾನ ಬರಬೇಕು.

ನಾನು ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಲಿಂಫೋಸೈಟ್ ಮೇಲಕ್ಕೆ ಬಂದದ್ದಕ್ಕೆ ಕಾರಣ ಕಾಣುತ್ತಿದೆಯೇ? ಎಕ್ಸಿಮಾದಲ್ಲೂ ಅವು ಎಪಿಡರ್ಮಿಸ್‌ಗೆ ಹತ್ತುತ್ತವೆ. ಆಗ ಅಲ್ಲಿ ಸ್ಪಾಂಜಿಯೋಸಿಸ್ ಇರುತ್ತದೆ, ಅಂದರೆ ಕೋಶಗಳ ನಡುವೆ ನೀರು. ಎಷ್ಟು ಲಿಂಫೋಸೈಟ್ ಇವೆಯೋ ಅದಕ್ಕೆ ತಕ್ಕಷ್ಟು ನೀರು. ಎ ಸ್ಲೈಡಿನಲ್ಲಿ ಲಿಂಫೋಸೈಟ್ ಧಾರಾಳ, ನೀರು ಹೆಸರಿಗೆ. ಕರೆಯದೆ ಬಂದು ಕೂತಿವೆ.

ಇನ್ನೆರಡು ವಿಷಯ. ಮೇಲೆ ಹತ್ತಿದ ಲಿಂಫೋಸೈಟ್‌ಗಳ ನ್ಯೂಕ್ಲಿಯಸ್ ಕೆಳಗಿನವಕ್ಕಿಂತ ಸ್ವಲ್ಪ ದೊಡ್ಡದು, ಕಪ್ಪು, ಅಂಚು ಸುಕ್ಕು. ಎಪಿಡರ್ಮಿಸ್‌ಗೆ ತಾಗಿದ ಒಳಪದರದ (ಪ್ಯಾಪಿಲ್ಲರಿ ಡರ್ಮಿಸ್) ಕೊಲಾಜನ್ ನಾರು ತಂತಿ ತಂತಿಯಾಗಿ ಗಟ್ಟಿಯಾಗಿದೆ. ಈ ತಂತಿ ಕೊಲಾಜನ್ ತುರಿಸಿದ ಚರ್ಮದಲ್ಲೂ ಬರುತ್ತದೆ, ಅದಕ್ಕೆ ನಾನು ಜಾಸ್ತಿ ಬೆಲೆ ಕೊಡುವುದಿಲ್ಲ. ನ್ಯೂಕ್ಲಿಯಸ್ಸಿನ ಸುಕ್ಕೂ ಅಷ್ಟೇ. ಸೆಕ್ಷನ್ (ಸ್ಲೈಡಿಗೆ ಕತ್ತರಿಸಿದ ಪದರ) ದಪ್ಪ ಬಿದ್ದರೆ ಎಲ್ಲ ನ್ಯೂಕ್ಲಿಯಸ್ಸೂ ಕಪ್ಪಾಗಿಯೇ ಕಾಣುತ್ತದೆ. ಟೆಕ್ನಿಷಿಯನ್‌ಗೆ ಹೇಳಿ ಮೂರು ಮೈಕ್ರಾನಿನಲ್ಲಿ, ಬ್ಲಾಕಿನ ಇನ್ನಷ್ಟು ಆಳದಿಂದ, ಮತ್ತೆ ಸೆಕ್ಷನ್ ಹಾಕಿಸಿದೆ. ಆಗಲೂ ಚಿತ್ರ ಅದೇ ಇತ್ತು, ಆದರೆ ಸುಕ್ಕು ಮೊದಲು ಕಂಡಷ್ಟು ಜೋರಿರಲಿಲ್ಲ.

ಪೊಟ್ರಿಯೇ ಮೈಕ್ರೊಆ್ಯಬ್ಸೆಸ್ ಇರಲಿಲ್ಲ. ಪಿಜಿ ವಿದ್ಯಾರ್ಥಿಗಳು ಎಂಎಫ್ ಅಂದ ಕೂಡಲೇ ಹುಡುಕುವುದು ಅದನ್ನೇ, ಎಪಿಡರ್ಮಿಸ್‌ನೊಳಗೆ ಗುಂಪುಗಟ್ಟಿದ ಲಿಂಫೋಸೈಟ್‌ಗಳನ್ನು. ಪಠ್ಯಪುಸ್ತಕದ ಫೋಟೊ ತಲೆಯಲ್ಲಿ ಕೂತಿರುತ್ತದೆ. ಆರಂಭದ ಹಂತದಲ್ಲಿ ಹೆಚ್ಚಿನವರಲ್ಲಿ ಅದು ಇರುವುದೇ ಇಲ್ಲ. ಅದಿಲ್ಲ ಅಂತ ರೋಗ ಇಲ್ಲ ಅನ್ನುವ ಹಾಗಿಲ್ಲ. ಇನ್ನೊಂದು ಕಡೆ, ಎಕ್ಸಿಮಾದಲ್ಲಿ ಲ್ಯಾಂಗರ್‌ಹಾನ್ಸ್ ಕೋಶಗಳು (ಚರ್ಮದ ಕಾವಲು ಕೋಶಗಳು) ಗುಂಪಾಗಿ ಅದರಂತೆಯೇ ನಟಿಸುತ್ತವೆ. ಆ ಕೋಶಗಳನ್ನು ಗುರುತಿಸುವ ಸಿಡಿ1ಎ ಸ್ಟೇನ್ ಹಾಕಿದರೆ ಬಣ್ಣ ಬಯಲಾಗುತ್ತದೆ.

ಬಿ ಸ್ಲೈಡು ಸಪ್ಪೆ. ಅಲ್ಲೊಂದು ಇಲ್ಲೊಂದು ಲಿಂಫೋಸೈಟ್ ತಳದ ಸಾಲಿನಲ್ಲಿ ಇತ್ತು ಅಷ್ಟೇ. ಅದೊಂದೇ ಬಂದಿದ್ದರೆ ನಾನು ಏನೂ ಹೇಳುತ್ತಿರಲಿಲ್ಲ. ಪಿಎಎಸ್ ಸ್ಟೇನಿನಲ್ಲಿ ಫಂಗಸ್ ಇಲ್ಲ. ಫೈಟ್ ಸ್ಟೇನಿನಲ್ಲಿ ಕುಷ್ಠದ ಬ್ಯಾಕ್ಟೀರಿಯಾ ಇಲ್ಲ, ನರದ ಸುತ್ತ ಉರಿಯೂತವೂ ಇಲ್ಲ.

ಅಂಕ ಹಾಕುವುದು

ಚರ್ಮ ಲಿಂಫೋಮಾ ತಜ್ಞರ ಅಂತರರಾಷ್ಟ್ರೀಯ ಸಂಘದ ಕಡೆಯಿಂದ 2005ರಲ್ಲಿ ಒಂದು ಅಂಕ ಪದ್ಧತಿ ಬಂತು. ರೋಗಿಯ ಮೈಮೇಲೆ ಕಾಣುವುದಕ್ಕೆ ಹೆಚ್ಚೆಂದರೆ 2, ಸ್ಲೈಡಿಗೆ 2, ಇಮ್ಯುನೊ ಸ್ಟೇನಿಗೆ (ಕೋಶದ ಜಾತಿಯನ್ನು ಅದರ ಪ್ರೋಟೀನಿನಿಂದ ಗುರುತಿಸುವ ಬಣ್ಣ) 1, ಜೀನ್ ಪರೀಕ್ಷೆಗೆ 1. ಒಟ್ಟು 4 ಸಿಕ್ಕರೆ ಆರಂಭದ ಎಂಎಫ್ ಅನ್ನಬಹುದು. ಸ್ಲೈಡಿಗೆ ಪೂರ್ತಿ ಅಂಕ ಕೊಟ್ಟರೂ ಎರಡೇ. ನನಗೆ ಇದರಲ್ಲಿ ಇಷ್ಟವಾಗುವುದು ಇದೇ. ಪೆಥಾಲಜಿಸ್ಟ್ ಒಬ್ಬನೇ ಕೂತು ಪಾಸು ಮಾಡುವ ಹಾಗಿಲ್ಲ, ಫೇಲು ಮಾಡುವ ಹಾಗೂ ಇಲ್ಲ.

ಇವರಿಗೆ ಮೈಮೇಲಿನ ಚಿತ್ರಕ್ಕೆ 2: ವರ್ಷಗಟ್ಟಲೆ ಉಳಿದ ಕಲೆ, ಬಿಸಿಲು ತಾಗದ ಜಾಗ, ಆಕಾರ ಅಳತೆಯಲ್ಲಿ ವ್ಯತ್ಯಾಸ. ಸ್ಲೈಡಿಗೆ ನಾನು 1 ಮಾತ್ರ ಕೊಟ್ಟೆ. ಸ್ಪಾಂಜಿಯೋಸಿಸ್ ಇಲ್ಲದೆ ಮೇಲೆ ಹತ್ತಿದ್ದು ಖಂಡಿತ. ಕೋಶದ ವಿಕಾರ ಅರೆಬರೆ. ಎರಡನೇ ಅಂಕ ಕೊಡುವ ಆಸೆ ಆಗುತ್ತದೆ, ಏಕೆಂದರೆ ಕಥೆ ಅಷ್ಟು ಚೆನ್ನಾಗಿ ಕೂತಿದೆ. ಅದಕ್ಕೇ ಕೈ ಹಿಡಿಯಬೇಕು. ಕಥೆಯ ಅಂಕವನ್ನು ಕಥೆಗೆ ಕೊಟ್ಟಾಗಿದೆ, ಅದನ್ನೇ ಸ್ಲೈಡಿನ ಹೆಸರಲ್ಲಿ ಇನ್ನೊಮ್ಮೆ ಕೊಡಬಾರದು.

ಒಟ್ಟು 3. ‘ಅನುಮಾನ ಬಲವಾಗಿದೆ, ಇಮ್ಯುನೊ ಬರಲಿ’ ಅಂತ ಮೊದಲ ವರದಿ ಕಳಿಸಿದೆ.

ಇಮ್ಯುನೊ ಸ್ಟೇನಿನಲ್ಲಿ ಎಪಿಡರ್ಮಿಸ್‌ನ ಲಿಂಫೋಸೈಟ್‌ಗಳೆಲ್ಲ ಸಿಡಿ3 ಪಾಸಿಟಿವ್, ಟಿ ಕೋಶಗಳು. ಬಿ ಕೋಶದ ಗುರುತಾದ ಸಿಡಿ20 ಹೆಸರಿಗೆ. ಅವುಗಳಲ್ಲಿ ಸಿಡಿ8ಕ್ಕಿಂತ ಸಿಡಿ4 ಎಷ್ಟೋ ಜಾಸ್ತಿ. ಇಲ್ಲೊಂದು ಜಾರುವ ಜಾಗ ಇದೆ. ಲ್ಯಾಂಗರ್‌ಹಾನ್ಸ್ ಕೋಶಗಳೂ ಸಿಡಿ4 ಬಣ್ಣ ಹಿಡಿಯುತ್ತವೆ. ಸಿಡಿ4 ಸ್ಲೈಡೊಂದನ್ನೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸಿಡಿ3 ಸ್ಲೈಡನ್ನು ಪಕ್ಕದಲ್ಲಿಟ್ಟು ಅದೇ ಜಾಗ ಹುಡುಕಿ ನೋಡಬೇಕು.

ಟಿ ಕೋಶಗಳಲ್ಲಿ ಇರಬೇಕಾದ ಸಿಡಿ2, ಸಿಡಿ5 ಉಳಿದುಕೊಂಡಿದ್ದವು. ಸಿಡಿ7 ಎಪಿಡರ್ಮಿಸ್‌ನಲ್ಲಿ ಹೆಚ್ಚುಕಡಿಮೆ ಮಾಯ, ಕೆಳಗಿನ ಡರ್ಮಿಸ್‌ನಲ್ಲಿ ಧಾರಾಳ. ಬರೇ ಸಿಡಿ7 ಕಡಿಮೆಯಾದರೆ ನಾನು ನಂಬುವುದಿಲ್ಲ, ಸಾಮಾನ್ಯ ಉರಿಯೂತದಲ್ಲೂ ಅದು ಕಡಿಮೆಯಾಗುತ್ತದೆ. ಮೇಲೆ ಒಂದು, ಕೆಳಗೆ ಒಂದು ಅಂತ ವ್ಯತ್ಯಾಸ ಕಂಡರೆ ಅದಕ್ಕೆ ತೂಕ ಇದೆ. ಮೇಲಿನವು ಬೇರೆ ಗುಂಪು, ಕೆಳಗಿನ ಹೆಚ್ಚಿನವು ಅವುಗಳನ್ನು ನೋಡಿ ಬಂದ ಸಾಮಾನ್ಯ ಲಿಂಫೋಸೈಟ್‌ಗಳು ಅಂತ ಅರ್ಥ. ಒಂದು ಅಂಕ. ಒಟ್ಟು 4.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕಂದು ಮೈಬಣ್ಣದ ಹದಿಹರೆಯದವರಲ್ಲಿ, ಮಕ್ಕಳಲ್ಲಿ ಬರೀ ಬಿಳಿ ಕಲೆಗಳಾಗಿ ಬರುವ ಎಂಎಫ್ ಇದೆ. ಅದರಲ್ಲಿ ಸಾಮಾನ್ಯವಾಗಿ ಸಿಡಿ8 ಕೋಶಗಳೇ ಜಾಸ್ತಿ. ಅಲ್ಲಿ ‘ಸಿಡಿ8 ಇದೆ, ಹಾಗಾದರೆ ಉರಿಯೂತ’ ಅಂತ ಕೈಬಿಟ್ಟರೆ ರೋಗವೇ ಕೈತಪ್ಪುತ್ತದೆ. ನಮ್ಮ ದೇಶದಲ್ಲಿ ಕೂತವರು ಇದನ್ನು ಮರೆಯಬಾರದು.

ನಾಲ್ಕು ಸಿಕ್ಕಿತು, ಹಾಗಾದರೆ ಜೀನ್ ಪರೀಕ್ಷೆ ಯಾಕೆ? ಗೇರುಬೀಜ ಒಡೆಯುವವರ ದುಡ್ಡು ಅದು, ಸುಮ್ನೆ ಖರ್ಚು ಮಾಡಿಸಲು ಮನಸ್ಸು ಬರುವುದಿಲ್ಲ. ಯೋಚಿಸಿ, ಕಳಿಸೋಣ ಅಂದೆ. ನಾಲ್ಕು ಅಂದರೆ ಗೆರೆಯ ಮೇಲೆಯೇ ನಿಂತ ಹಾಗೆ. ನನ್ನ ಹತ್ತಿರ ಎರಡು ಜಾಗದ ಬ್ಲಾಕ್ ಇತ್ತು. ಟಿ ಕೋಶದ ರಿಸೆಪ್ಟರ್ ಜೀನನ್ನು ಪಿಸಿಆರ್‌ನಲ್ಲಿ ನೋಡಿದಾಗ ಒಂದೇ ಮೂಲದ ಕೋಶಗಳು ಎದ್ದು ಕಂಡರೆ ಕ್ಲೋನ್ ಅನ್ನುತ್ತೇವೆ. ಒಂದು ಜಾಗದಲ್ಲಿ ಕ್ಲೋನ್ ಸಿಕ್ಕಿದರೆ ಕ್ಯಾನ್ಸರ್ ಅಂತಲೇ ಅಲ್ಲ, ಲೈಕನ್ ಪ್ಲೇನಸ್ ಅನ್ನುವ ಚರ್ಮದ ಉರಿಯೂತದಲ್ಲೂ ಕೆಲವೊಮ್ಮೆ ಸಿಗುತ್ತದೆ. ಸಿಗದಿದ್ದರೂ ಎಂಎಫ್ ಅಲ್ಲ ಅನ್ನುವ ಹಾಗಿಲ್ಲ, ಆರಂಭದಲ್ಲಿ ಕೋಶಗಳೇ ಕಡಿಮೆ ಇರುತ್ತವೆ. ಮೈಯ ಎರಡು ಬೇರೆ ಜಾಗದಲ್ಲಿ ಅದೇ ಕ್ಲೋನ್ ಸಿಕ್ಕಿದರೆ ಮಾತ್ರ ಅದು ಗಟ್ಟಿ ಸಾಕ್ಷಿ. ಸಪ್ಪೆಯಾಗಿದ್ದ ಬಿ ಬ್ಲಾಕಿಗೆ ಬೆಲೆ ಬಂದದ್ದು ಆಗ. ಎರಡರಲ್ಲೂ ಒಂದೇ ಅಳತೆಯ ಗೆರೆ ಬಂತು.

ಮಗಳು ಕೇಳಿದ್ದು

ಜೀನ್ ಪರೀಕ್ಷೆಗೆ ಬ್ಲಾಕ್ ಒಯ್ಯಲು ಬಂದದ್ದು ರೋಗಿಯ ಮಗಳು, ಕಾಲೇಜು ಹುಡುಗಿ. ಮೊದಲ ವರದಿಯನ್ನು ಮೊಬೈಲಿನಲ್ಲಿ ಹುಡುಕಿ ಓದಿಕೊಂಡಿದ್ದಳು.

“ಸರ್, ಅಮ್ಮನಿಗೆ ಕ್ಯಾನ್ಸರ್ ಉಂಟಾ?”

ಪೂರ್ತಿ ವಿವರ ಹೇಳಬೇಕಾದವರು ಚಿಕಿತ್ಸೆ ಕೊಡುವ ವೈದ್ಯೆ. ಆದರೂ ಎದುರಿಗೆ ನಿಂತು ಕೇಳಿದವಳಿಗೆ ‘ಡಾಕ್ಟರನ್ನು ಕೇಳಮ್ಮ’ ಅಂತ ಕಳಿಸಲು ಆಗಲಿಲ್ಲ. “ಅನುಮಾನ ಇದೆ. ಇದ್ದರೂ ಚರ್ಮದಲ್ಲೇ ನಿಧಾನಕ್ಕೆ ಇರುವ ಜಾತಿಯದ್ದು. ಗಡಿಬಿಡಿ ಮಾಡುವ ರೋಗ ಅಲ್ಲ” ಅಂದೆ.

“ನೆಟ್‌ನಲ್ಲಿ ಗಡ್ಡೆಗಳ ಫೋಟೊ ಉಂಟಲ್ಲ ಸರ್?”

“ಅದು ಕೊನೆಯ ಹಂತ. ಹೆಚ್ಚಿನವರು ಅಲ್ಲಿಗೆ ಹೋಗುವುದೇ ಇಲ್ಲ.”

“ಕೂದಲು ಹೋಗುತ್ತದಾ?”

“ಇಲ್ಲ. ಇದಕ್ಕೆ ಆ ಥರದ ಇಂಜೆಕ್ಷನ್ ಕೊಡುವುದಿಲ್ಲ.”

ಅದು ನಿಜ. ಬೇಗ ಸಿಕ್ಕ ಎಂಎಫ್‌ಗೆ ಜೋರಾದ ಕೀಮೊಥೆರಪಿ ಕೊಟ್ಟು ಪ್ರಯೋಜನ ಇಲ್ಲ, ತೊಂದರೆಯೇ ಜಾಸ್ತಿ. ಪೆಥಾಲಜಿ ವರದಿಯಲ್ಲಿ ‘ಲಿಂಫೋಮಾ’ ಅನ್ನುವ ಒಂದೇ ಪದ ಕಂಡು ರೋಗಿಯನ್ನು ನೇರ ಕೀಮೊ ವಾರ್ಡಿಗೆ ಕಳಿಸುವ ಭಯ ನನಗೆ ಯಾವಾಗಲೂ ಇದೆ. ಅಂತಿಮ ವರದಿಯಲ್ಲಿ ಹೀಗೆ ಬರೆದೆ: ಕ್ಲಿನಿಕಲ್ ಚಿತ್ರ, ಎರಡು ಬಯಾಪ್ಸಿ, ಇಮ್ಯುನೊ, ಜೀನ್ ಪರೀಕ್ಷೆ ಸೇರಿಸಿ ನೋಡಿದಾಗ ಆರಂಭದ ಮೈಕೋಸಿಸ್ ಫಂಗಾಯ್ಡಿಸ್, ದೊಡ್ಡ ಕೋಶಗಳಿಗೆ ಬದಲಾದ ಲಕ್ಷಣ (ರೋಗ ಜೋರಾಗುವ ಸೂಚನೆ) ಇಲ್ಲ, ಹಂತವನ್ನು ಮೈಮೇಲಿನ ಕಲೆಯ ಹರಡಿನಿಂದ ನಿರ್ಧರಿಸಬೇಕು.

ಹಂತ ಮತ್ತು ಚಿಕಿತ್ಸೆ

ರೋಗಿಯ ಬೆರಳು ಸೇರಿದ ಅಂಗೈ ಅಂದರೆ ಅವರ ಮೈಯ ಸುಮಾರು 1 ಶೇಕಡಾ. ಆ ಲೆಕ್ಕದಲ್ಲಿ ಕಲೆಗಳು ಸುಮಾರು 7 ಶೇಕಡಾ ಆದವು. 10ಕ್ಕಿಂತ ಕಡಿಮೆ. ಕಂಕುಳು, ತೊಡೆಸಂದಿಯ ಗ್ರಂಥಿಗಳು ಊದಿರಲಿಲ್ಲ. ರಕ್ತದ ಸ್ಮಿಯರ್ ಸರಿ. ಹಂತ 1ಎ. ಈ ಹಂತದವರ ಆಯುಷ್ಯ ಉಳಿದ ಜನರ ಆಯುಷ್ಯಕ್ಕಿಂತ ಹೆಚ್ಚೇನೂ ಬೇರೆಯಲ್ಲ. ಸಿ.ಟಿ. ಸ್ಕ್ಯಾನ್ ಬೇಕಾಗಲಿಲ್ಲ.

311 ನ್ಯಾನೊಮೀಟರಿನ ನ್ಯಾರೊಬ್ಯಾಂಡ್ ಯುವಿಬಿ ಬೆಳಕು (ಒಂದು ಬಗೆಯ ನೇರಳಾತೀತ ಕಿರಣ), ವಾರಕ್ಕೆ ಮೂರು ಸಲ. ಜೊತೆಗೆ ಕಲೆಗಳಿಗೆ ಹಚ್ಚಲು ಸ್ಟೀರಾಯ್ಡ್. ಹೌದು, ಅದೇ ಕ್ಲೊಬೆಟಸಾಲ್. ರೋಗಿ ಚೀಟಿ ನೋಡಿ “ಇದನ್ನೇ ಬಿಡಿಸಿದ್ದಲ್ವಾ ನೀವು?” ಅಂತ ಕೇಳಿದರಂತೆ. ಕೇಳಬೇಕಾದ ಪ್ರಶ್ನೆಯೇ. ರೋಗಕ್ಕೆ ಹೆಸರು ಸಿಕ್ಕ ಮೇಲೆ, ಅಳತೆ ನೋಡಿ, ತಪಾಸಣೆಯಲ್ಲಿ ಹಚ್ಚಿದರೆ ಅದು ಚಿಕಿತ್ಸೆ. ಹೆಸರು ಸಿಗುವ ಮೊದಲು ಹಚ್ಚಿದ್ದರಿಂದ ಆರು ವರ್ಷ ಹೋಯಿತು.

ಕಷ್ಟ ಬಂದದ್ದು ವಾರಕ್ಕೆ ಮೂರು ಸಲ ಬರುವುದರಲ್ಲಿ. ಕಾರ್ಖಾನೆಯಲ್ಲಿ ಒಡೆದ ಬೀಜದ ತೂಕಕ್ಕೆ ಸಂಬಳ, ಅರ್ಧ ದಿನ ಹೋದರೆ ಅಷ್ಟು ಖೋತಾ. ಬೆಳಕು ಕೊಡಲು ಬೇಕಾದದ್ದು ಕೆಲವೇ ನಿಮಿಷ, ಬಸ್ಸಿಗೆ ಕಾಯಲು ಗಂಟೆಗಟ್ಟಲೆ. ವೈದ್ಯೆ ಬೆಳಗ್ಗೆ ಕ್ಲಿನಿಕ್ ತೆರೆಯುವ ಮೊದಲೇ ನರ್ಸನ್ನು ಬರಹೇಳಿ ಹೊಂದಿಸಿದರು. ಹಾಗೆ ಮಾಡದಿದ್ದರೆ ರೋಗಿ ಎರಡನೇ ತಿಂಗಳಿಗೇ ಬಿಟ್ಟುಬಿಡುತ್ತಿದ್ದರು ಅಂತ ನನ್ನ ಅಂದಾಜು.

ನಾಲ್ಕನೇ ತಿಂಗಳಿಗೆ ತೊಡೆ, ಪೃಷ್ಠದ ಕಲೆಗಳು ಹೋದವು. ಬೆಳಕಿಗೆ ಸುತ್ತಲ ಚರ್ಮ ಕಪ್ಪಾಯಿತು, ಅದಕ್ಕೆ ಅವರಿಗೆ ಬೇಸರ ಇತ್ತು. ಸ್ತನದ ಕೆಳಗಿನದ್ದು ನಿಧಾನ, ಮಡಿಕೆಯೊಳಗೆ ಬೆಳಕು ಬೀಳುವುದಿಲ್ಲ. ಒಂದು ವರ್ಷದ ಮೇಲೆ ಸೊಂಟದಲ್ಲಿ ಮತ್ತೆ ಒಂದು ತೆಳು ಕಲೆ ಬಂದಿದೆ. ಈ ರೋಗದಲ್ಲಿ ಅದು ನಿರೀಕ್ಷೆಯದ್ದೇ, ಬೆಳಕು ಮತ್ತೆ ಶುರುವಾಗಿದೆ.

ಆ ಕಲೆಯಿಂದ ಬಯಾಪ್ಸಿ ಬೇಕಾ ಅಂತ ವೈದ್ಯೆ ಕೇಳಿದರು. ಬೇಡ ಅಂದೆ. ಹಳೆಯ ಥರದ ಚಪ್ಪಟೆ ಕಲೆ ಮರಳಿದರೆ ತೆಗೆದು ಹೊಸದಾಗಿ ತಿಳಿಯುವುದೇನಿಲ್ಲ. ಎಲ್ಲಾದರೂ ಒಂದು ಕಲೆ ದಪ್ಪಗಾದರೆ, ಗಂಟು ಕಟ್ಟಿದರೆ, ಹುಣ್ಣಾದರೆ ಆಗ ಅಲ್ಲಿಂದಲೇ ತೆಗೆಯಿರಿ, ಹಳೆಯ ಸ್ಲೈಡಿನ ನಂಬರನ್ನೂ ಚೀಟಿಯಲ್ಲಿ ಬರೆಯಿರಿ ಅಂತ ಹೇಳಿದ್ದೇನೆ. ಕೋಶಗಳಲ್ಲಿ ದೊಡ್ಡವು ಕಾಲುಭಾಗಕ್ಕಿಂತ ಜಾಸ್ತಿಯಾಗಿವೆಯೇ ಅಂತ ಆಗ ಪಕ್ಕಪಕ್ಕ ಇಟ್ಟು ನೋಡಬೇಕಾಗುತ್ತದೆ.